ಒಂದೆಳೆ ಬಿಗಿ

ಕುರ್ಚಿ ಎಳೆದ ಸದ್ದು, ಮೇಲಿನ ಮನೆಯಲ್ಲಿ, ಮತ್ತೆ — ಮೇಷ್ಟ್ರು ಕುಳಿತರೋ, ಎದ್ದರೋ, ಎದ್ದಿದ್ದರೆ ಪಾರ್ಶ್ವವಾಯು ಬಡಿದ ಆ ಬಲಗಾಲು ಎಳೆಯುವ ಸದ್ದೂ ಬರಬೇಕಿತ್ತು, ಬರಲಿಲ್ಲ, ಹಾಗಾದರೆ ಕುಳಿತೇ ಇದ್ದಾರೆ, ಗುಂಡಿ ಹಾಕದೆ, ಎದೆ ಬಿಟ್ಟುಕೊಂಡು, ತನಗಾಗಿ ಕಾಯುತ್ತ, ಅಥವಾ ಕಾಯದೆ. ಟೈಲರಮ್ಮ ಪೆಡಲಿನ ಮೇಲೆ ಕಾಲಿಟ್ಟಳು, ತೆಗೆದಳು. ಸೂಜಿಯ ಕೆಳಗೆ ಯಾರದೋ ಕಿಟಕಿಯ ಪರದೆ, ಅಂಚು ಮಡಚಿ ಆಗಿದೆ, ಹೊಲಿದರೆ ಮುಗಿಯಿತು, ಹೊಲಿಯಲು ಕೈ ಬರುತ್ತಿಲ್ಲ. ಈ ಹೊತ್ತಿಗೆ ಮೇಲೆ ಹೋಗಿ, ದಿನದ ಹಾಗೆ, ಅವರ ಗುಂಡಿ ಹಾಕಿ ಬಂದಿರಬೇಕಿತ್ತು. ಹೋಗಿದ್ದಳು ಕೂಡ, ಬಾಗಿಲವರೆಗೆ, ಬಾಗಿಲು ಅರ್ಧ ತೆರೆದಿತ್ತು, ಕನ್ನಡಿಯ ಮುಂದೆ ಪಿ.ಟಿ. ಮೇಷ್ಟ್ರು, ಅವಳೇ ಕಾಜ ಹೊಲಿದು ಕೊಟ್ಟ ನೀಲಿ ಅಂಗಿ, ಎಡಗೈ ಒಂದರಲ್ಲೇ ಗುಂಡಿಯನ್ನು ಕಾಜದೊಳಗೆ ತೂರಿಸುತ್ತ, ತೂರದೆ, ಮತ್ತೆ ತೂರಿಸುತ್ತ, ಹಣೆಯಲ್ಲಿ ಬೆವರು, ಗುಂಡಿ ಅರ್ಧ ಒಳಗೆ ಅರ್ಧ ಹೊರಗೆ — ಕಡೆಗೆ ಬೈದರು, ಥೂ ದರಿದ್ರ ಕೈ, ಅಂತ. ಕೈಗೆ ಬೈದರು. ಕಾಜಕ್ಕೆ ಬೈಯಲಿಲ್ಲ. ಅವಳು ಸದ್ದಾಗದ ಹಾಗೆ ಇಳಿದು ಬಂದಳು.

ಯಾಕೆ ಇಳಿದು ಬಂದೆ, ಕಳ್ಳಿಯ ಹಾಗೆ, ಏನು ಕದ್ದಿದ್ದೀಯ ನೀನು, ಒಂದು ಅಂಗಿಯ ಕಾಜ ಒಂದೆಳೆ ಬಿಗಿಯಾಯಿತಪ್ಪ, ಅಷ್ಟೇ ತಾನೆ, ಎರಡು ಕೈ ನೆಟ್ಟಗಿದ್ದವರಿಗೆ ಗೊತ್ತೂ ಆಗುವುದಿಲ್ಲ. ಮೇಷ್ಟ್ರ ಹೆಂಡತಿ, ಬೇಕರಿಯಲ್ಲಿ ಕೆಲಸ, ಬೆಳಕು ಹರಿಯುವ ಮೊದಲೇ ಹೊರಡುವವಳು, ಆವತ್ತು ಅಂಗಿಗಳ ಚೀಲ ಹಿಡಿದು ಬಂದಿದ್ದಳು. ಅಕ್ಕಾ, ಕಾಜ ಎಲ್ಲಾ ಸ್ವಲ್ಪ ಸಡಿಲ ಮಾಡಿಕೊಡಿ, ಎಡಗೈಲೇ ಹಾಕ್ಕೊಳೋ ಹಾಗೆ, ಸೋಮವಾರ ಸ್ಕೂಲಿಗೆ ಹೋಗ್ಬೇಕಂತೆ, ತನ್ನ ಬಟ್ಟೆ ತಾನು ಹಾಕ್ಕೊಳೋಕೆ ಬರದವನು ಮಕ್ಕಳಿಗೇನು ಕಲಿಸ್ಲಿ ಅಂತ ಹಟ ಹಿಡಿದಿದ್ದಾರೆ, ಟೀ ಶರ್ಟ್ ಹಾಕ್ಕೊಳ್ರೀ ಅಂದ್ರೆ ಮೈಮೇಲೆ ಬರ್ತಾರೆ. ಬರದೆ ಏನು, ಕಾಲರಿನ ಗುಂಡಿ ಹಾಕದ ಹುಡುಗರನ್ನು ಮೈದಾನ ಸುತ್ತಿಸುತ್ತಿದ್ದ ಮನುಷ್ಯ. ಆಯ್ತು ಕಣಮ್ಮ, ಅದೇನು ದೊಡ್ಡ ಕೆಲಸ, ಅಂದಿದ್ದಳು ಟೈಲರಮ್ಮ, ನಗುತ್ತಲೇ, ಮೇಷ್ಟ್ರ ಹೆಂಡತಿ ಮೆಟ್ಟಿಲು ಹತ್ತಿದ ಮೇಲೆ ಚೀಲವನ್ನು ಮೊಳೆಗೆ ನೇತುಹಾಕಿದವಳು ಎರಡು ದಿನ ಮುಟ್ಟಲಿಲ್ಲ, ಮುಟ್ಟಿದ ದಿನ ತುದಿಯ ಹೊಲಿಗೆ ಬಿಚ್ಚಿದಳು, ಹೊಸದು ಹಾಕಿದಳು, ಕೈ ತಾನಾಗಿ ಒಳಗೆ ಸರಿಯಿತು, ಒಂದೆಳೆ. ತಾನಾಗಿ! ಕಾಜ ಕಲಿಸಿದ ಸೋದರಮಾವ ಇದ್ದಿದ್ದರೆ ಕಿವಿ ಹಿಂಡುತ್ತಿದ್ದ, ಗುಂಡಿ ಅಳೆದು ಒಂದೆಳೆ ಜಾಸ್ತಿ ಬಿಡು ಹುಡುಗಿ ಅನ್ನುತ್ತಿದ್ದ, ಅಂದಿನಿಂದ ಇಂದಿನವರೆಗೆ ಒಂದು ಕಾಜ ತಪ್ಪಿಲ್ಲ ಈ ಕೈಗೆ, ನಿದ್ದೆಗಣ್ಣಲ್ಲೂ ತಪ್ಪಿಲ್ಲ. ಸಡಿಲಾದರೆ ಮಕ್ಕಳ ಮುಂದೆ ಗುಂಡಿ ಬಿಚ್ಚಿಕೊಂಡೀತು, ಪಾಪ, ಮಾನ ಹೋದೀತು — ಹಾಗಂದುಕೊಂಡೇ ಹೊಲಿದದ್ದು. ಪಾಪ ಅಂತೆ. ಯಾರಿಗೆ ಹೇಳುತ್ತೀಯ ಈ ಕಥೆ, ಗೋಡೆಗೆ ಹೇಳು.

ಮತ್ತೆ ಸದ್ದು, ಈ ಸಲ ಏನೋ ಬಿತ್ತು, ಬಾಚಣಿಗೆ ಇರಬೇಕು, ಬಗ್ಗಿ ಎತ್ತಿಕೊಳ್ಳುವುದು ಅವರಿಗೆ ಕಷ್ಟ, ಕಾಲು ಆಗಲೇ ಮೆಟ್ಟಿಲ ಕಡೆ ತಿರುಗಿದೆ, ನೋಡು, ಓಡುತ್ತದೆ, ಕರೆಯದಿದ್ದರೂ ಓಡುತ್ತದೆ. ನಿನ್ನ ಕಾಲಿಗೆ ಚಕ್ರ ಇದೆ ಕಣೇ, ಅನ್ನುತ್ತಾನೆ ಗಂಡ, ಬಸ್ಸು ಓಡಿಸುವವನು, ಚಕ್ರದ ಮಾತೇ ಅವನಿಗೆ, ಊರವರ ಗುಂಡಿಯೆಲ್ಲಾ ಹಾಕಿ ಬಾ, ನನ್ನ ಯೂನಿಫಾರಮ್ಮಿನ ಗುಂಡಿ ಕಿತ್ತು ಎಷ್ಟು ಕಾಲ ಆಯ್ತು, ಪಿನ್ನು ಚುಚ್ಚಿಕೊಂಡು ಸ್ಟೀರಿಂಗ್ ತಿರುಗಿಸ್ತಿದೀನಿ, ಅದಕ್ಕೇನು ಪಾರ್ಶ್ವವಾಯು ಬರ್ಬೇಕಾ ನಂಗೂ? ನಕ್ಕಿದ್ದಳು. ಗಂಡನ ಅಂಗಿಗೆ ಗುಂಡಿ ಹೊಲಿದರೆ ಯಾರು ಗದ್ದ ಎತ್ತುತ್ತಾರೆ? ಗದ್ದ ಎತ್ತುವವರು ಮೇಷ್ಟ್ರು. ಮೊದಲು ಮೆಟ್ಟಿಲ ಮೇಲೆ ಎದುರಾದರೆ ಕಣ್ಣೆತ್ತಿ ನೋಡದವರು, ಶಿಳ್ಳೆ ಊದಿದರೆ ಇಡೀ ಮೈದಾನ ಕಲ್ಲಾಗುತ್ತಿತ್ತಂತೆ, ಅಂಥವರು ದಿನಾ ಬೆಳಗ್ಗೆ ಅವಳ ಮುಂದೆ ಕುಳಿತು, ಕೆಳಗಿನಿಂದ ಒಂದೊಂದೇ ಗುಂಡಿ ಹಾಕುತ್ತ ಬಂದು ಕಾಲರಿನದಕ್ಕೆ ತಲುಪಿದಾಗ, ಕಣ್ಣು ಮುಚ್ಚಿ ಗದ್ದ ಮೇಲೆತ್ತುತ್ತಿದ್ದರು. ಮಗುವಿನ ಹಾಗೆ. ಅದೊಂದು ಗಳಿಗೆ, ಗಂಟಲ ಮೇಲಿನ ಆ ಬಿಳಿ ಕೂದಲು, ಸೋಪಿನ ವಾಸನೆ, ನೀವಿಲ್ದಿದ್ರೆ ನನ್ನ ಗತಿ ಏನು ಟೈಲರಮ್ಮ — ಎದೆಯೊಳಗೆ ಏನೋ ತುಂಬಿ ಬರುತ್ತಿತ್ತು, ದಿನವಿಡೀ ಯಾರು ಏನಂದರೂ ತಾಗುತ್ತಿರಲಿಲ್ಲ. ಅವ್ವನಿಗೂ ಹೀಗೇ. ಪಕ್ಕದ ಮನೆಯವಳು ಕಾಲು ಮುರಿದುಕೊಂಡಾಗ ದಿನಾ ಅಡುಗೆ ಮಾಡಿ ಹೊತ್ತೊಯ್ದು ಕೊಡುತ್ತಿದ್ದಳು, ಮುಖ ಕಳೆಗಟ್ಟಿತ್ತು ಅವ್ವನದು, ಅವಳು ಎದ್ದು ನಡೆದಾಡಿ ತಾನೇ ಒಲೆ ಹೊತ್ತಿಸಿದ ದಿನ ಅವ್ವ ಪಾತ್ರೆ ಕುಕ್ಕಿದ್ದೇ ಕುಕ್ಕಿದ್ದು, ಈಗ ನಾವೆಲ್ಲ ಅವಳ ಕಣ್ಣಿಗೆ ಬೀಳ್ತೀವಾ ಅಂತ. ಅವ್ವ ಒಳ್ಳೆಯವಳೇ. ನಿಜವಾಗಿ ಒಳ್ಳೆಯವಳು, ಸುಳ್ಳಲ್ಲ. ಹೊತ್ತೊಯ್ದ ಅನ್ನವೂ ಸುಳ್ಳಲ್ಲ, ಮೇಷ್ಟ್ರ ಎದೆಯ ಮೇಲಿನ ಈ ಬೆರಳೂ ಸುಳ್ಳಲ್ಲ, ಅವರು ಮೊದಲ ಸಲ ನಾಲ್ಕು ಹೆಜ್ಜೆ ಇಟ್ಟಾಗ ಅತ್ತವಳೂ ತಾನೇ, ಹಾಗಿದ್ದರೆ ಆ ಒಂದೆಳೆ ಎಲ್ಲಿಂದ ಬಂತು. ಬೇಡ, ಸಾಕು, ಚಿಕ್ಕ ಕತ್ತರಿ ಎಲ್ಲಿ, ಇಲ್ಲೇ ಇತ್ತು, ದಾರದುಂಡೆಯ ಅಡಿಯಲ್ಲಿ, ಸಿಕ್ಕಿತು. ತುದಿಯ ಹೊಲಿಗೆ ಕತ್ತರಿಸಿಬಿಟ್ಟರೆ ಗುಂಡಿ ತಾನೇ ಜಾರುತ್ತದೆ, ಅಲ್ಲೇ, ಅವರ ಮುಂದೆಯೇ ಕತ್ತರಿಸುವುದು, ಮೇಷ್ಟ್ರೇ ತಪ್ಪು ಕೈಯದಲ್ಲ, ಕಾಜದ್ದು, ನಾನು ಬಿಗಿ ಹೊಲಿದಿದ್ದೆ, ಅನ್ನುವುದು, ಇಷ್ಟೇ ಮಾತು, ಬೈದರೆ ಬೈಯಲಿ, ಇನ್ನು ಬರಬೇಡಿ ಅಂದರೆ — ಅನ್ನಲಿ.

ಮೆಟ್ಟಿಲು ಹತ್ತುತ್ತಿದ್ದಾಳೆ, ಕತ್ತರಿ ಮುಷ್ಟಿಯಲ್ಲಿ, ತಪ್ಪು ಕೈಯದಲ್ಲ, ತಪ್ಪು ಕೈಯದಲ್ಲ, ಪಾಠ ಒಪ್ಪಿಸುವ ಹುಡುಗಿಯ ಹಾಗೆ, ಬಾಗಿಲು ಈಗಲೂ ಅರ್ಧ ತೆರೆದಿದೆ, ಬಾಚಣಿಗೆ ನೆಲದ ಮೇಲೆ, ಮೇಷ್ಟ್ರು ಕುರ್ಚಿಯಲ್ಲಿ, ಅಂಗಿಯ ಎರಡು ಬದಿ ಎರಡು ಕಡೆ, ಮೇಜಿನ ಮೇಲೆ ಫೋನು. ಬಂದ್ರಾ, ಬನ್ನಿ, ನಿಮ್ಮನ್ನೇ ಕಾಯ್ತಿದ್ದೆ. ಇಲ್ಲ ಟೈಲರಮ್ಮ, ಇದು ಇನ್ನು ನನ್ನ ಕೈಲಾಗೋ ಮಾತಲ್ಲ, ಒಂದು ಗುಂಡಿ ಹಾಕೋಕಾಗ್ದೋನು ಸ್ಕೂಲಿಗೆ ಹೋಗಿ ಏನು ಮಾಡ್ಲಿ, ನೀವು ಹಾಕ್ಬಿಡಿ, ಆಮೇಲೆ ಹೆಡ್‌ಮಾಸ್ಟ್ರಿಗೆ ಫೋನ್ ಮಾಡಿ ಬರೋದಿಲ್ಲ ಅಂದ್ಬಿಡ್ತೀನಿ. ಹೇಳು. ಈಗ ಹೇಳು. ಬೆರಳು ಆಗಲೇ ಕೆಳಗಿನ ಗುಂಡಿಯ ಮೇಲಿದೆ, ಯಾವಾಗ ಹೋಯಿತು ಅದು ಅಲ್ಲಿಗೆ, ಕತ್ತರಿ ಎಡಗೈಯಲ್ಲಿ ಬೆವರುತ್ತಿದೆ, ಒಂದು ತೂರಿತು, ಇನ್ನೊಂದು ತೂರಿತು, ಬಿಗಿ ಇದೆ, ಎಷ್ಟು ಬಿಗಿ, ಅವಳ ಬೆರಳಿಗೇ ನೋಯುತ್ತಿದೆ, ಹೇಳು, ಮೇಷ್ಟ್ರೇ ಅಂದಳು, ಹ್ಞೂಂ ಅಂದರು ಅವರು, ಕಾಲರಿನದೊಂದು ಉಳಿದಿತ್ತು, ಮೇಷ್ಟ್ರೇ ತಪ್ಪು — ಅವರು ಕಣ್ಣು ಮುಚ್ಚಿದರು, ಗದ್ದ ಮೇಲೆತ್ತಿದರು. ಎತ್ತಿದ್ದಾರೆ. ಮೇಜಿನ ಮೇಲೆ ಫೋನು. ಗದ್ದ ಎತ್ತಿದ್ದಾರೆ, ಕಣ್ಣು ಮುಚ್ಚಿ, ಗದ್ದ ಎತ್ತಿ —