ಕುದುರೆಯ ಲಾಳ, ಕಾರಿನ ಟೈರು

ಅಕ್ಟೋಬರ್ ಮುಗಿಯುತ್ತಾ ಬಂತೆಂದರೆ ನಮ್ಮ ಕಡಲ ದಡದ ಹಳ್ಳಿ ಕಟ್ಲ್ ಕೋವ್‌ನಲ್ಲಿ ಯಾರ ಮನೆಗೆ ಹೋದರೂ ಒಂದೇ ಮಾತು.

"ಟೈರು ಬದಲಾಯಿಸಿದ್ಯಾ?"

"ಬದಲಾಯಿಸೋಣ ಬಿಡು, ಮೊದಲು ಹಿಮ ಬೀಳಲಿ."

ಹಿಮ ಬೀಳುತ್ತದೆ. ಆಗ ನೋಡಬೇಕು, ಪಟ್ಟಣದ ಟೈರ್ ಅಂಗಡಿಯ ಮುಂದೆ ಇಡೀ ನ್ಯೂಫೌಂಡ್‌ಲ್ಯಾಂಡೇ ಬಂದು ನಿಂತ ಹಾಗೆ ಸಾಲು. ಅಷ್ಟರಲ್ಲಿ ಇಬ್ಬರೋ ಮೂವರೋ ಕಾರಿನ ಸಮೇತ ಚರಂಡಿಗೆ ಇಳಿದಿರುತ್ತಾರೆ. ಪ್ರತಿ ವರ್ಷ ಇದೇ ಹಾಡು.

ನಮ್ಮಣ್ಣ ಸೆಲ್ಬಿ ಈ 'ಆಮೇಲೆ ನೋಡೋಣ' ಅನ್ನುವವರ ಪೈಕಿಯೂ ಅಲ್ಲ. ಅವನು ಇನ್ನೂ ಒಂದು ಕೈ ಮೇಲು. "ಚಳಿಗಾಲಕ್ಕೇ ಬೇರೆ ಟೈರಂತೆ! ಅಂಗಡಿಯವರ ಹೊಟ್ಟೆ ತುಂಬಿಸೋಕೆ ಇರೋ ಆಟ ಕಣೇ ಫ್ರೀಡಾ" ಅನ್ನುತ್ತಿದ್ದ. ಹಿಮದಲ್ಲಿ ಗಾಡಿ ಜಾರದಿರಲು ಅವನ ಬಳಿ ಅವನದೇ ಉಪಾಯ ಇತ್ತು. ಕಾರಿನ ಡಿಕ್ಕಿಗೆ ಕಲ್ಲು ತುಂಬುವುದು.

ಎಂಥೆಂಥದೋ ಕಲ್ಲಲ್ಲ, ಅಪ್ಪನ ಕಲ್ಲು. ನಾವು ಹುಟ್ಟಿದ್ದು ಎದುರಿನ ಪೆಂಗೆಲ್ಲಿ ದ್ವೀಪದಲ್ಲಿ. ಅಲ್ಲಿ ರಸ್ತೆಯೇ ಇರಲಿಲ್ಲ, ಕಾರು ಎಲ್ಲಿಂದ ಬರಬೇಕು? ಬೇಸಿಗೆಗೆ ದೋಣಿ, ಚಳಿಗಾಲಕ್ಕೆ ಕುದುರೆ. ಗಾಳಿಗೆ ದೋಣಿ ಹೊಯ್ದಾಡದಿರಲಿ ಅಂತ ಅಪ್ಪ ಕಡಲ ದಡದ ನುಣ್ಣನೆ ಕಲ್ಲುಗಳನ್ನು ಆರಿಸಿ ಅದರ ಹೊಟ್ಟೆಗೆ ಜೋಡಿಸುತ್ತಿದ್ದರು. ನಾವು ಚಿಕ್ಕವರಿದ್ದಾಗಲೇ ಸರ್ಕಾರ ಇಡೀ ದ್ವೀಪ ಖಾಲಿ ಮಾಡಿಸಿತು. ಮನೆಗಳನ್ನೇ ಪೀಪಾಯಿಗಳ ಮೇಲೆ ತೇಲಿಸಿಕೊಂಡು ಈ ದಡಕ್ಕೆ ಬಂದೆವು. ನಮ್ಮ ಅಡುಗೆಮನೆ ಅಲೆಯ ಮೇಲೆ ಕುಣಿಯುತ್ತಾ ಬರುವುದನ್ನು ನೋಡಿ ನಾನು ಚಪ್ಪಾಳೆ ತಟ್ಟಿದ್ದೆ, ಅಮ್ಮ ಮೇಲಂಗಿಯ ತುದಿಯಲ್ಲಿ ಕಣ್ಣೊರೆಸಿಕೊಂಡಿದ್ದಳು. ಕೊನೆಯ ಸಲ ಬಂದ ದೋಣಿಯಲ್ಲಿದ್ದ ಕಲ್ಲುಗಳನ್ನು ಸೆಲ್ಬಿ ಇವತ್ತಿಗೂ ಇಟ್ಟುಕೊಂಡಿದ್ದ. ಅವನನ್ನು ಆಡಿಕೊಳ್ಳುವ ನನಗೂ ಆ ಕಲ್ಲು ಮುಟ್ಟಿದರೆ ಸಾಕು, ಒಣಗುತ್ತಿದ್ದ ಮೀನಿನ ವಾಸನೆ, ಡಾಂಬರಿನ ವಾಸನೆ, ಊಟಕ್ಕೆ ಕೂಗುವ ಅಮ್ಮನ ದನಿ ಎಲ್ಲ ಒಟ್ಟಿಗೆ ನುಗ್ಗಿ ಬರುತ್ತಿತ್ತು. ಆ ಕಾಲ ಮತ್ತೆ ಬರುವುದಿಲ್ಲ ಅನ್ನುವುದೇ ಸಂಕಟ.

ಆದರೆ ಸಂಕಟ ಬೇರೆ, ರಸ್ತೆ ಬೇರೆ.

ಸೆಲ್ಬಿಯ ಹೆಂಡತಿ ಎಫಿ ನನಗೆ ಅತ್ತಿಗೆಯಾಗುವ ಮೊದಲೇ ಗೆಳತಿ. ಎರಡು ವರ್ಷದಿಂದ ಅವಳ ಕಿಡ್ನಿ ಕೈಕೊಟ್ಟಿದೆ. ವಾರಕ್ಕೆ ಮೂರು ಸಲ ಪಟ್ಟಣದ ಆಸ್ಪತ್ರೆಯಲ್ಲಿ ಡಯಾಲಿಸಿಸ್. ಬಿಸಿಲಿರಲಿ, ಬಿರುಗಾಳಿ ಇರಲಿ, ತಪ್ಪಿಸುವ ಹಾಗಿಲ್ಲ. ಕೊಲ್ಲಿಯ ಸುತ್ತ ಬಳಸಿಕೊಂಡು ಹೋಗುವ ಒಂದು ಗಂಟೆಯ ದಾರಿ, ನಡುವೆ ಒಂದು ಕಡಿದಾದ ಇಳಿಜಾರು. ಹೋದ ಚಳಿಗಾಲ ಆ ಇಳಿಜಾರಿನಲ್ಲೇ ಕಾರಿನ ಹಿಂಭಾಗ ಸರ್ರನೆ ತಿರುಗಿತು. ಕಣ್ಣು ಮಿಟುಕಿಸುವಷ್ಟರಲ್ಲಿ ಕಾರು ಬಂದ ದಾರಿಯ ಕಡೆಗೇ ಮುಖ ಮಾಡಿ ನಿಂತಿತ್ತು. ಎದುರಿಗೆ ಬಂದ ಮರದ ದಿಮ್ಮಿಗಳ ಲಾರಿ ಕೂದಲೆಳೆಯ ಅಂತರದಲ್ಲಿ ಪಕ್ಕದಿಂದ ಹೋಯಿತು.

ಎಫಿ ಅವತ್ತು ಕೂಗಾಡಲಿಲ್ಲ. ಮನೆಗೆ ಬಂದು, ಚಹಾಕ್ಕೆ ನೀರಿಟ್ಟು, ಒಂದೇ ಮಾತು ಹೇಳಿದಳು. "ಮುಂದಿನ ಚಳಿಗಾಲ ನಾನು ಪಟ್ಟಣದಲ್ಲಿ ವೀಡಾ ಮನೇಲಿರ್ತೀನಿ. ಮೊದಲನೇ ಹಿಮ ಬಿದ್ದ ದಿನ ಹೊರಟೆ."

ವೀಡಾ ಅವಳ ತಂಗಿ. ಮಾತು ಸುಮ್ಮನೆ ಆಡಿದ್ದಲ್ಲ ಅಂತ ನಮಗೆ ಗೊತ್ತಾಗಿದ್ದು ಈ ಶರತ್ಕಾಲದಲ್ಲಿ, ವೀಡಾ ಮೇಲಿನ ಕೋಣೆಗೆ ಹೊಸ ಹಾಸಿಗೆ ತರಿಸಿದಾಗ. ಸೆಲ್ಬಿಯ ಮುಖ ಸಪ್ಪಗಾಯಿತು. ಮದುವೆಯಾದಾಗಿನಿಂದ ಇಬ್ಬರೂ ಒಂದು ಚಳಿಗಾಲವನ್ನೂ ಬೇರೆ ಬೇರೆ ಕಳೆದವರಲ್ಲ. ಒಂದು ದಿನ ನಮ್ಮ ಮನೆ ಬಾಗಿಲಿಗೆ ಬಂದು ನಿಂತು, ಟೋಪಿ ಕೈಯಲ್ಲಿ ತಿರುಗಿಸುತ್ತಾ, "ನೀನಾದ್ರೂ ಹೇಳೇ ಅವಳಿಗೆ. ಈ ಸಲ ಇನ್ನೂ ನಾಕು ಕಲ್ಲು ಜಾಸ್ತಿ ಹಾಕ್ತೀನಿ" ಅಂದ.

ನಾನು ಎಫಿಗೆ ಹೇಳಲಿಲ್ಲ, ಡ್ರೂಸಿಲ್ಲಾಳಿಗೆ ಹೇಳಿ ಕಳಿಸಿದೆ.

ಡ್ರೂಸಿಲ್ಲಾ ನಮ್ಮ ಮಕ್ಕಳಿಗೆಲ್ಲ ಶಾಲೆಯ ಬಸ್ಸು ಓಡಿಸಿದವಳು. ಅದೇ ರಸ್ತೆ, ಅದೇ ಇಳಿಜಾರು. ಈಗ ನಿವೃತ್ತಿಯಾಗಿದ್ದಾಳೆ, ಬಾಯಿಗೆ ಮಾತ್ರ ನಿವೃತ್ತಿ ಇಲ್ಲ. ಭಾನುವಾರ ಚರ್ಚು ಮುಗಿಸಿ ಎಲ್ಲರೂ ಸೆಲ್ಬಿಯ ಅಡುಗೆಮನೆಯಲ್ಲಿ ಸೇರಿದೆವು. ಎಫಿ ಬ್ರೆಡ್ಡಿನ ಹಿಟ್ಟನ್ನು ತಟ್ಟಿ ಕೊಬ್ಬಿನಲ್ಲಿ ಟೌಟನ್ ಕರಿದು ಮೇಲೆ ಕಾಕಂಬಿ ಸುರಿದು ಕೊಡುತ್ತಿದ್ದಳು.

"ಏನೋ ಸೆಲ್ಬಿ, ಡಿಕ್ಕೀಲಿ ಗೋಡೆ ಕಟ್ತಿದೀಯಂತೆ?" ಡ್ರೂಸಿಲ್ಲಾ ಕೂರುವ ಮೊದಲೇ ಶುರು ಮಾಡಿದಳು.

"ಆಡ್ಕೋ ಆಡ್ಕೋ. ನಮ್ಮ ಹಳೇ ಟ್ರಕ್ಕು ಆ ಕಲ್ಲಿನ ಮೇಲೇ ಬದುಕಿತ್ತು."

"ಹೌದಪ್ಪಾ, ಅದನ್ನ ದೂಡ್ತಾ ಇದ್ದಿದ್ದು ಹಿಂದಿನ ಚಕ್ರ. ಹಿಂದೆ ಭಾರ ಇದ್ರೆ ಹಿಡಿತ ಬರೋದು. ಈಗಿನ ಕಾರನ್ನ ಎಳೆಯೋದು ಯಾವ ಚಕ್ರ?"

"ಮುಂದಿಂದು."

"ತಿರುಗಿಸೋದು?"

"ಅದೂ ಮುಂದಿಂದೇ. ಅದಕ್ಕೇನೀಗ?"

"ಕಾರಿನ ಮಾತು ಬಿಡು, ದೋಣಿ ಮಾತಾಡು. ನಿಮ್ಮಪ್ಪನ ದೋಣೀಲಿ ಕಲ್ಲನ್ನೆಲ್ಲ ಹಿಂದಕ್ಕೇ ತಳ್ಳಿದ್ರೆ ಏನಾಗ್ತಿತ್ತು?"

ಸೆಲ್ಬಿ ನಕ್ಕ. "ಏನಾಗುತ್ತೆ, ಮೂತಿ ಮೇಲೇಳುತ್ತೆ. ಗಾಳಿ ಎತ್ತ ತಳ್ಳುತ್ತೋ ಅತ್ತ ತಿರುಗುತ್ತೆ. ಅಷ್ಟೂ ಗೊತ್ತಿಲ್ವಾ..."

ಅವನ ಟೌಟನ್ ತುಂಡು ಬಾಯಿಗೆ ಹೋಗದೆ ಕೈಯಲ್ಲೇ ಉಳಿಯಿತು, ಕಾಕಂಬಿ ಮೇಜಿನ ಮೇಲೆ ತೊಟ್ಟಿಕ್ಕಿತು. ಎಫಿ ಒರೆಸುವ ಬಟ್ಟೆ ತಂದು ಅವನ ಮುಂದಿಟ್ಟಳು.

"ಅದೇ ಆಗಿದ್ದು ಹೋದ ವರ್ಷ" ಅಂದಳು ಡ್ರೂಸಿಲ್ಲಾ, ಈಗ ದನಿ ಇಳಿಸಿ. "ಎಲ್ಲಾದ್ರೂ ಗುದ್ದಿದ್ರೆ ಆ ಕಲ್ಲೆಲ್ಲ ಮುಂದಕ್ಕೆ ಹಾರಿ ಎಫಿ ತಲೆಗೇ ಬರ್ತಿತ್ತು ಕಣೋ."

"ಆದ್ರೆ ನನ್ನ ಟೈರು ಚೆನ್ನಾಗೇ ಇದೆ. ಎಲ್ಲಾ ಕಾಲಕ್ಕೂ ಆಗುತ್ತೆ ಅಂತ ಅದರ ಮೇಲೇ ಬರೆದಿದೆ."

"ಬರೆದೋನು ನಮ್ಮೂರಿಗೆ ಬಂದಿರ್ಲಿಲ್ಲ! ಎಫಿ, ಬೆಣ್ಣೇನ ಫ್ರಿಜ್ಜಿಂದ ತೆಗೆದ ತಕ್ಷಣ ಬ್ರೆಡ್ಡಿಗೆ ಸವರಿದ್ರೆ?"

"ಸವರೋಕೆ ಎಲ್ಲಿ ಬರುತ್ತೆ, ಬ್ರೆಡ್ಡೇ ಹರಿದುಹೋಗುತ್ತೆ."

"ಟೈರಿನ ರಬ್ಬರೂ ಹಾಗೇ. ಚಳಿ ಏಳು ಡಿಗ್ರಿಗಿಂತ ಕೆಳಗಿಳಿದ್ರೆ ಮಾಮೂಲಿ ಟೈರು ಗಟ್ಟಿಯಾಗುತ್ತೆ, ರಸ್ತೆ ಹಿಡಿಯಲ್ಲ. ಚಳಿಗಾಲದ ಟೈರಿನ ರಬ್ಬರು ಮೆತ್ತಗೇ ಇರುತ್ತೆ. ಅದಕ್ಕೇ ಹಿಮ ಬೀಳೋ ತನಕ ಕಾಯಬಾರದು. ಬೆಳಗ್ಗೆ ಬಾಯಲ್ಲಿ ಹೊಗೆ ಬರೋಕೆ ಶುರುವಾಯ್ತಾ, ಬದಲಾಯಿಸಿಬಿಡಬೇಕು."

ಸೆಲ್ಬಿ ಮೇಜಿನ ಮೇಲಿನ ಕಾಕಂಬಿ ಒರೆಸಿದ. ಆಮೇಲೆ ಸೋತವನ ಹಾಗೆ ಅಂದ, "ಆಯ್ತು, ತರ್ತೀನಿ. ಎಳೆಯೋದು ಮುಂದಿನ ಚಕ್ರ ತಾನೇ? ಮುಂದಕ್ಕೆ ಎರಡು ತಂದ್ರೆ ಸಾಕು. ಸುಮ್ನೆ ನಾಕಕ್ಕೂ ಯಾಕೆ ದುಡ್ಡು ಸುರೀಬೇಕು?"

ಡ್ರೂಸಿಲ್ಲಾ ಬಾಯಿ ತೆರೆದಳು. ನಾನು ತಡೆದೆ. ಈ ಮಾತಿಗೆ ಉತ್ತರ ನಮ್ಮ ಮನೆಯಲ್ಲೇ ಇತ್ತು.

"ಅಣ್ಣ, ನಮ್ಮ ಜೆಸ್ ನೆನಪಿದೆಯಾ?"

ಅವನ ಮುಖ ಅರಳಿತು. ಜೆಸ್ ನಮ್ಮ ಕುದುರೆ. ಗಿಡ್ಡ ಕಾಲು, ಕಂದು ಕೂದಲು, ಭಾರೀ ಹಟಮಾರಿ. "ನೆನಪಿಲ್ದೆ ಏನು! ನನ್ನ ಟೋಪಿ ತಿಂದಿದ್ದು ಅದೇ ಅಲ್ವಾ."

"ಕೊಲ್ಲಿ ಹೆಪ್ಪುಗಟ್ಟಿದ ಮೇಲೆ ಅದನ್ನ ಸೌದೆಗೆ ಕರ್ಕೊಂಡು ಹೋಗೋ ಮುಂಚೆ ಅಪ್ಪ ಏನು ಮಾಡ್ತಿದ್ರು?"

"ಕಮ್ಮಾರನ ಹತ್ರ ಕರ್ಕೊಂಡು ಹೋಗ್ತಿದ್ರು. ಬೇಸಿಗೆ ಲಾಳ ಕೀಳಿಸಿ, ಚೂಪು ಮೊಳೆ ಇರೋ ಲಾಳ ಹೊಡೆಸ್ತಿದ್ರು. ಅದಾಗೋ ತನಕ ಮಂಜುಗಡ್ಡೆ ಮೇಲೆ ಹೆಜ್ಜೆ ಇಡಿಸ್ತಿರ್ಲಿಲ್ಲ. ಮನೇಲಿ ಸೌದೆ ಮುಗಿದು ನಾವೆಲ್ಲ ನಡುಗ್ತಾ ಇದ್ರೂ ಸರಿ."

"ಎಷ್ಟು ಕಾಲಿಗೆ ಹೊಡೆಸ್ತಿದ್ರು?"

ಸೆಲ್ಬಿ ನನ್ನನ್ನು ನೋಡಿದ. ಡ್ರೂಸಿಲ್ಲಾಳನ್ನು ನೋಡಿದ. ಕೊನೆಗೆ ಎಫಿಯನ್ನು ನೋಡಿದ, ಅವಳ ತೋಳಿನ ಸೂಜಿಯ ಗುರುತುಗಳನ್ನು ನೋಡಿದ. ಅವನ ಕಣ್ಣು ತುಂಬಿಕೊಂಡಿತು.

"ನಾಕಕ್ಕೂ" ಅಂದ.

"ಅಪ್ಪನ್ನ ಅರ್ಧ ಮಾತ್ರ ನೆನಪಿಟ್ಕೊಂಡಿದ್ದೀಯ ಅಣ್ಣ. ಕಲ್ಲು ನೆನಪಿಟ್ಕೊಂಡೆ, ಲಾಳ ಮರೆತೆ."

"ಮುಂದೆ ಎರಡೇ ಹಾಕಿದ್ರೆ ಮುಂದುಗಡೆ ಹಿಡ್ಕೊಳ್ಳುತ್ತೆ, ಹಿಂದುಗಡೆ ಜಾರುತ್ತೆ. ಮತ್ತೆ ಅದೇ ಗಿರಕಿ" ಅಂತ ಡ್ರೂಸಿಲ್ಲಾ ಮಾತು ಮುಗಿಸಿದಳು. "ದುಡ್ಡಿನ ಚಿಂತೆ ಬಿಡು. ಚಳಿಗಾಲದಲ್ಲಿ ಬೇಸಿಗೆ ಟೈರಿಗೆ ರಜಾ, ಬೇಸಿಗೇಲಿ ಇದಕ್ಕೆ ರಜಾ. ಎರಡೂ ಜಾಸ್ತಿ ದಿನ ಬಾಳುತ್ವೆ."

ಮಾರನೆಯ ದಿನ ಕಲ್ಲುಗಳು ಡಿಕ್ಕಿಯಿಂದ ಇಳಿದವು. ಎಫಿ ಅವನ್ನು ತನ್ನ ಗುಲಾಬಿ ಗಿಡದ ಸುತ್ತ ಇಡಿಸಿದಳು. ನಾವು ಮೂವರು ಪಟ್ಟಣಕ್ಕೆ ಹೊರಟೆವು, ಸೆಲ್ಬಿ, ಡ್ರೂಸಿಲ್ಲಾ, ನಾನು. ಅಂಗಡಿಗೆ ಕಾಲಿಟ್ಟ ಕೂಡಲೇ ನಮ್ಮಣ್ಣನ ಕಣ್ಣು ಹೋಗಿದ್ದು ಮೂಲೆಯ ಹಳೇ ಟೈರುಗಳ ರಾಶಿಗೆ.

"ನೋಡು ಡ್ರೂಸಿ, ಗೀರು ಎಷ್ಟು ಆಳ ಇದೆ! ಓಡಿಸೇ ಇಲ್ಲ ಅನ್ಸುತ್ತೆ."

"ಪಕ್ಕದಲ್ಲಿರೋ ಕೊನೇ ನಾಕು ಅಂಕಿ ಓದು. ಮೊದಲೆರಡು ಎಷ್ಟನೇ ವಾರ, ಆಮೇಲಿನ ಎರಡು ಯಾವ ವರ್ಷ."

ಸೆಲ್ಬಿ ಕನ್ನಡಕ ಏರಿಸಿ ಓದಿದ. ಆ ಟೈರಿಗೆ ಹತ್ತು ವರ್ಷ ದಾಟಿತ್ತು. ಉಗುರಿನಿಂದ ಒತ್ತಿ ನೋಡಿ, "ಒಣ ಮೀನಿನ ಹಾಗಿದೆ" ಅಂತ ಕೈ ಒರೆಸಿಕೊಂಡ. ಗೀರು ಎಷ್ಟೇ ಆಳವಿರಲಿ, ವಯಸ್ಸಾದ ರಬ್ಬರು ಗಟ್ಟಿಯಾಗಿರುತ್ತದೆ.

ಆಮೇಲೆ ಡ್ರೂಸಿಲ್ಲಾ ಹೊಸ ಟೈರಿನ ಪಕ್ಕದಲ್ಲಿ ಒಂದು ಗುರುತು ತೋರಿಸಿದಳು. ಮೂರು ಶಿಖರದ ಬೆಟ್ಟ, ಒಳಗೊಂದು ಹಿಮದ ಹೂವು. ಆ ಗುರುತಿದ್ದರೆ ಹಿಮದಲ್ಲಿ ಪರೀಕ್ಷೆ ಮಾಡಿದ ಟೈರು ಅಂತ ಅರ್ಥ. ಕೆಸರಿಗೂ ಹಿಮಕ್ಕೂ ಆಗುತ್ತದೆ ಅಂತ M+S ಎಂಬ ಎರಡಕ್ಷರ ಬರೆದಿದ್ದರೆ ಅಷ್ಟಕ್ಕೇ ನಂಬಿ ಕೊಳ್ಳಬೇಡಿ, ಬೆಟ್ಟ ಹುಡುಕಿ. ಅಳತೆಯನ್ನು ಡ್ರೈವರ್ ಬಾಗಿಲ ಒಳಗೆ ಅಂಟಿಸಿರುವ ಚೀಟಿ ನೋಡಿ ಹೇಳಿದೆವು. ನಮ್ಮ ಕಡೆ ಮಳೆ ಬಿದ್ದು ರಸ್ತೆಯ ಮೇಲೇ ಗಾಜಿನ ಹಾಗೆ ಹೆಪ್ಪುಗಟ್ಟುವುದು ಜಾಸ್ತಿ, ಅದಕ್ಕೆ ಮೊಳೆ ಹೊಡೆದ ಟೈರನ್ನೇ ಆರಿಸಿಕೊಂಡೆವು. ಅದನ್ನು ಯಾವ ತಿಂಗಳಿಂದ ಯಾವ ತಿಂಗಳ ತನಕ ಓಡಿಸಬಹುದು ಅಂತ ನಿಯಮವಿದೆ, ಅದನ್ನೂ ಕೇಳಿಕೊಂಡೆವು. ಮೊಳೆಗಳ ಮೇಲೆ ಬೆರಳಾಡಿಸುತ್ತಾ ಸೆಲ್ಬಿ, "ಜೆಸ್ ಲಾಳಕ್ಕೂ ಹಿಂಗೇ ಇದ್ವು ಕಣೇ" ಅಂದ.

ಮೊದಲನೆಯ ಹಿಮ ಒಂದು ಗುರುವಾರ ಬಿತ್ತು, ಎಫಿಯ ಆಸ್ಪತ್ರೆಯ ದಿನ. ಎಫಿ ಕೋಟು ಹಾಕಿಕೊಂಡು ಬಾಗಿಲಲ್ಲಿ ನಿಂತು, "ಇವತ್ತು ನೋಡ್ತೀನಿ. ಸರಿ ಬರ್ಲಿಲ್ವೋ, ವಾಪಸ್ ಬರಲ್ಲ, ವೀಡಾ ಮನೇಲೇ ಇಳ್ಕೋತೀನಿ" ಅಂದಳು. ಸೆಲ್ಬಿ ತಲೆಯಾಡಿಸಿದ. ಹೊರಡುವ ಮೊದಲು ಚರ್ಚಿನ ಖಾಲಿ ಅಂಗಳದಲ್ಲಿ ನಿಧಾನಕ್ಕೆ ಓಡಿಸಿ, ಬ್ರೇಕ್ ಹಾಕಿ, ಮತ್ತೆ ಓಡಿಸಿ ಕಾಲಿಗೆ ಅಂದಾಜು ಮಾಡಿಕೊಂಡ.

ನಾನು ಮಧ್ಯಾಹ್ನದಿಂದ ಕಿಟಕಿ ಬಿಟ್ಟು ಅಲ್ಲಾಡಲಿಲ್ಲ. ಹೊತ್ತಾಯಿತು. ಹಿಮ ಇನ್ನೂ ಸುರಿಯುತ್ತಲೇ ಇತ್ತು. ವೀಡಾ ಮನೆಯಲ್ಲೇ ಇಳಿದಳೇನೋ ಅಂದುಕೊಂಡೆ. ಅದಕ್ಕಿಂತ ಕೆಟ್ಟದ್ದನ್ನು ಯೋಚಿಸಲು ಹೆದರಿಕೆಯಾಯಿತು. ಕೊನೆಗೆ ತಿರುವಿನಲ್ಲಿ ಕಾರಿನ ದೀಪ ಕಂಡಿತು. ಚಪ್ಪಲಿಯಲ್ಲೇ ಹಿಮಕ್ಕೆ ಓಡಿದೆ.

ಕಾರಿನಿಂದ ಇಬ್ಬರೂ ಇಳಿದರು. ಎಫಿ ನಗುತ್ತಿದ್ದಳು.

"ಮೂಸ್ ಕಣೇ ಫ್ರೀಡಾ! ಹೋಗೋವಾಗ, ಅದೇ ಇಳಿಜಾರಲ್ಲಿ, ರಸ್ತೆ ಮಧ್ಯೆ, ಇಷ್ಟೆತ್ತರ!" ಅಂದಳು ಎಫಿ, ಕಾಡಿನ ಆ ದೈತ್ಯ ಜಿಂಕೆಯ ಎತ್ತರವನ್ನು ಕೈಯೆತ್ತಿ ತೋರಿಸುತ್ತಾ. "ನಾನು ಕಣ್ಣು ಮುಚ್ಚಿಕೊಂಡೆ. ತೆಗೆದು ನೋಡ್ತೀನಿ, ಕಾರು ನೆಟ್ಟಗೆ ನಿಂತಿದೆ. ಮೂಸ್ ನಮ್ಮನ್ನ ಒಂದ್ಸಲ ನೋಡ್ತು, ಇವನ ಮುಖ ಹಿಡಿಸಲಿಲ್ಲ ಅಂತ ಕಾಣುತ್ತೆ, ಕಾಡಿಗೆ ಹೋಯ್ತು."

"ಅದಾದ ಮೇಲೆ ಏನು ಮಾಡಿದ್ಲು ಕೇಳು" ಅಂದ ಸೆಲ್ಬಿ, ದನಿ ಸಣ್ಣದಾಗಿ. "ನಿದ್ದೆ ಮಾಡಿದ್ಲು. ಆಸ್ಪತ್ರೆ ಮುಗಿಸಿ ಬರೋವಾಗ, ಅಷ್ಟು ಹಿಮದಲ್ಲಿ, ದಾರಿ ಉದ್ದಕ್ಕೂ ನಿದ್ದೆ."

ಎಫಿ ಒಳಗೆ ಹೋಗಿ ಕೋಟು ಬಿಚ್ಚುವ ಮೊದಲೇ ತಂಗಿಗೆ ಫೋನು ಮಾಡಿದಳು. "ವೀಡಾ, ಆ ಹೊಸ ಹಾಸಿಗೇಲಿ ನೀನೇ ಮಲಕ್ಕೋ. ನನಗೆ ನನ್ನ ಮನೇಲಿ ಕೆಲಸ ಇದೆ."

ಓದುತ್ತಿರುವ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ, ನೀವೂ ಇವತ್ತೇ ಹೊರಗೆ ಹೋಗಿ ನಿಮ್ಮ ಟೈರಿನ ಪಕ್ಕ ಬಗ್ಗಿ ನೋಡಿ. ಬೆಟ್ಟದೊಳಗೆ ಹಿಮದ ಹೂವು ಇದೆಯೇ? ಎಷ್ಟು ವರ್ಷದ ಟೈರು? ಗೀರು ಸವೆದು ಅದರ ಆಳ ಐದು ಮಿಲಿಮೀಟರಿಗಿಂತ ಕಡಿಮೆಯಾಗಿದೆಯೇ? ಗುರುತಿಲ್ಲದಿದ್ದರೆ, ಹಳತಾಗಿದ್ದರೆ, ಸವೆದಿದ್ದರೆ ಹಿಮ ಬೀಳುವ ಮೊದಲೇ ಬದಲಾಯಿಸಿ, ಒಂದೇ ಜಾತಿಯವು, ನಾಲ್ಕೂ. ಹಾಕಿಸಿದ ಮೇಲೆ ನೂರು ಕಿಲೋಮೀಟರ್ ಓಡಿಸಿ ನಟ್ಟುಗಳನ್ನು ಮತ್ತೊಮ್ಮೆ ಬಿಗಿ ಮಾಡಿಸಿ. ಚಳಿಗೆ ಗಾಳಿ ಇಳಿಯುತ್ತದೆ, ತಿಂಗಳಿಗೊಮ್ಮೆ ನೋಡಿಸಿ. ನಾಲ್ಕೂ ಚಕ್ರ ಎಳೆಯುವ ಗಾಡಿ ನನ್ನದು ಅಂತ ಬೀಗಬೇಡಿ, ಅದು ಹೊರಡಲು ಸಹಾಯ ಮಾಡುತ್ತದೆಯೇ ಹೊರತು ನಿಲ್ಲಲು ಅಲ್ಲ. ಎಂಥ ಟೈರಿದ್ದರೂ ನಿಧಾನವಾಗಿ ಹೋಗಿ.

ಇಷ್ಟು ಹೇಳಿದ ಮೇಲೂ ಆಮೇಲೆ ನೋಡೋಣ ಅಂತ ಅನ್ನಿಸಿದರೆ, ನಿಮ್ಮ ಪಕ್ಕದ ಸೀಟಿನಲ್ಲಿ ಕೂರುವವರನ್ನು ಒಂದು ಮಾತು ಕೇಳಿ. ನನ್ನ ಜೊತೆ ಬರಲು ನಿನಗೆ ಹೆದರಿಕೆಯಾಗುತ್ತದೆಯೇ ಅಂತ. ಅವರು ಉತ್ತರ ಕೊಡಲು ತಡ ಮಾಡಿದರೆ, ಟೈರು ತರಲು ನೀವು ತಡ ಮಾಡಬೇಡಿ.