ಬಾವಿ ಇಟ್ಟುಕೊಂಡ ಹೆಸರು

ಒಬ್ಬ ರಾಜಕುಮಾರಿ ನೀರು ಸೇದಲು ಬಗ್ಗಿ ತನ್ನ ಹೆಸರನ್ನೇ ಬಾವಿಯೊಳಗೆ ಬೀಳಿಸಿಕೊಂಡಳು. ನಾನು ಬೆಳೆದದ್ದು ಈ ಕತೆ ಕೇಳಿಕೊಂಡು. ಹೋದ ವರ್ಷ ಜಯಮ್ಮಜ್ಜಿ ಅದನ್ನು ಹೇಳುತ್ತ ಹೇಳುತ್ತ ಕತೆಯ ಬಾವಿಯ ಮೆಟ್ಟಿಲಲ್ಲೇ ನಿಂತುಬಿಡತೊಡಗಿದಳು. "ಮುಂದ ಏನಾತು ಅಜ್ಜಿ?" ಎಂದರೆ "ಯಾರಿಗೆ?" ಎನ್ನುವಳು.

ಡಾಕ್ಟರು ಅಲ್ಜೈಮರ್ ಎಂದರು, ಡೊನೆಪೆಜಿಲ್ ಎಂಬ ಮಾತ್ರೆ ಬರೆದರು. ಅದು ಏನು ಮಾಡುತ್ತದೆಂದು ಬಿಡಿಸಿ ಹೇಳಿದವಳು ಅಪ್ಪನ ತಂಗಿ ಚಿತ್ರಾ ಅತ್ತೆ. ಔಷಧ ಕಂಪನಿಯೊಂದರ ಪ್ರಯೋಗಾಲಯದಲ್ಲಿ ಅವಳ ಕೆಲಸ. ಲಿಂಗಂಪಲ್ಲಿಯಿಂದ ನಮ್ಮ ಮಣಿಕೊಂಡದ ಫ್ಲ್ಯಾಟಿಗೆ ಬಂದವಳು ಮೆಂತ್ಯ ಸೊಪ್ಪು ಬಿಡಿಸುತ್ತ ಕೂತಿದ್ದಳು.

"ಮಿದುಳಿನಾಗ ಒಂದು ನರ ಇನ್ನೊಂದಕ್ಕ ಸುದ್ದಿ ಹೇಳಬೇಕಂದ್ರ ನಡುವಿನ ಸಂದ್ಯಾಗ ಒಂದು ರಸ ಬಿಡತೈತಿ, ಅಸಿಟೈಲ್‌ಕೋಲಿನ್ ಅಂತ. ಸುದ್ದಿ ಮುಟ್ಟಿದ ಕೂಡಲೇ ಒಂದು ಕಿಣ್ವ ಬಂದು ಅದನ್ನ ಗುಡಿಸಿ ಹಾಕತೈತಿ. ಅವ್ವಗ ಆ ರಸಾನ ಕಡಿಮಿ ಆಗೇತಿ. ಮಾತ್ರೆ ಆ ಗುಡಿಸಾಕಿ ಕೈ ಹಿಡೀತೈತಿ, ಇದ್ದದ್ದು ಇನ್ನಷ್ಟು ಹೊತ್ತು ಉಳೀತೈತಿ. ಅಷ್ಟ. ಒಳಗ ಅಮೈಲಾಯ್ಡ್ ಅನ್ನೂ ಪ್ರೋಟೀನು ಗಂಟು ಕಟ್ಟೂದು ನಿಲ್ಲಂಗಿಲ್ಲ, ನರ ಸಾಯೂದೂ ನಿಲ್ಲಂಗಿಲ್ಲ."

ಕಿಟಕಿಯ ಬಳಿ ಕೂತಿದ್ದ ಅಜ್ಜಿ ಕೇಳಿದಳು, "ಗುಡಿಸಾಕಿ ಕೈ ಹಿಡಕೊಂಡು ಕುಂತ್ರ ಉಳಿದ ಮನಿ ಯಾರು ಗುಡಿಸಬೇಕು? ನೀನೇನು?"

ಅತ್ತೆ ಸೊಪ್ಪು ಬಿಟ್ಟು ಅವಳನ್ನೇ ನೋಡಿದಳು. "ನಮ್ಮ ಲ್ಯಾಬಿಗೆ ಬಂದುಬಿಡು ಅವ್ವ. ಆ ಗುಡಿಸಾಕಿ ಹೊಟ್ಟ್ಯಾಗೂ ಅದಾಳ, ಎದಿಯಾಗೂ ಅದಾಳ. ಅದಕ್ಕ ಈ ಮಾತ್ರೆ ಹೆಚ್ಚಾಗಬಾರದು."

ಹೆಚ್ಚಾಗುವುದಿರಲಿ, ಅಜ್ಜಿ ಒಂದನ್ನೂ ನುಂಗಲೊಲ್ಲಳು. "ನನಗೇನ್ ಧಾಡಿ ಆಗೇತಿ?" ಕೊನೆಗೆ ಅಪ್ಪ ಒಂದು ಉಪಾಯ ಹೂಡಿದ. ಇಷ್ಟಲಿಂಗದ ಪೂಜೆಯಾಗದೆ ಅಜ್ಜಿ ಬಾಯಿಗೆ ನೀರು ಹಾಕುವವಳಲ್ಲ, ಪೂಜೆಯಾದ ಮೇಲೆ ತಟ್ಟೆಯಲ್ಲಿದ್ದುದನ್ನು ಬೇಡವೆನ್ನುವವಳೂ ಅಲ್ಲ. ವಿಭೂತಿಯ ಪಕ್ಕ ಮಾತ್ರೆಯ ಪಟ್ಟಿಯನ್ನೇ ಇಟ್ಟು, "ಪ್ರಸಾದ ಅವ್ವ, ಪೂಜಿ ಆದಮ್ಯಾಲ ಒಂದು" ಎಂದ. ಪಟ್ಟಿ ಮುಗಿದಾಗ ಇನ್ನೊಂದು ಇಡುತ್ತ ಹೋದ.

ಉಪಾಯ ಫಲಿಸಿತು. ಮಳೆಗಾಲ ಮುಗಿಯುವ ಹೊತ್ತಿಗೆ ರಾಜಕುಮಾರಿ ಮೆಟ್ಟಿಲಿಳಿದಳು, ಹೆಸರನ್ನು ಕೊಡದಲ್ಲಿ ತುಂಬಿಕೊಂಡಳು, ಅದು ಮತ್ತೆಂದೂ ಅವಳನ್ನು ಬಿಟ್ಟು ಹೋಗಲಿಲ್ಲ. ಚಿಕ್ಕಂದಿನಲ್ಲಿ ಕೇಳಿದ ಹಾಗೆಯೇ ಕತೆ ಮುಗಿಯಿತು. ನಾನು ಅಜ್ಜಿಯ ತೊಡೆಯ ಮೇಲೆ ತಲೆಯಿಟ್ಟು ಬಹಳ ಹೊತ್ತು ಏಳಲಿಲ್ಲ.

ಆಮೇಲೆ ವಾಂತಿ ಶುರುವಾಯಿತು. ನಿಂತರೆ ತಲೆಸುತ್ತು, ನಾಡಿ ತೀರ ನಿಧಾನ. ರಾಜಕುಮಾರಿ ಮತ್ತೆ ಮೆಟ್ಟಿಲ ಮೇಲೆಯೇ ನಿಂತಳು. ಫೋನಿನಲ್ಲಿ ಡಾಕ್ಟರು, "ನಾಳೆ ಬೆಳಗಿನ ಮಾತ್ರೆ ಕೊಡದೆ ಕರಕೊಂಡು ಬನ್ನಿ. ಇಷ್ಟು ಕಡಿಮೆ ಡೋಸೂ ಅವರಿಗೆ ತಡೆಯೋದಿಲ್ಲ ಅಂದರೆ ಈ ಜಾತಿಯ ಔಷಧಾನೇ ಬಿಡಬೇಕಾಗುತ್ತೆ" ಎಂದರು.

ವಿಷಯ ತಿಳಿದು ಅತ್ತೆ ಅರ್ಧ ದಿನ ರಜೆ ಹಾಕಿ ಬಂದಳು. ಅಜ್ಜಿ ಮಧ್ಯಾಹ್ನದ ನಿದ್ದೆಯಲ್ಲಿದ್ದಳು. ಎದ್ದವಳೇ ಗೋಡೆ ಹಿಡಿದು ಹೋಗಿ ಮುಖ ತೊಳೆದಳು, ವಿಭೂತಿ ಹಚ್ಚಿಕೊಂಡಳು, ಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ಕೂತಳು.

ನನ್ನಮ್ಮ ವನಜಾ ಹೆಮ್ಮೆಯಿಂದ ಪಿಸುಗುಟ್ಟಿದಳು. "ಈಗೀಗ ಸಂಜೀ ಪೂಜಿನೂ ಹಿಡದಾರ. ಮೈಯಾಗ ಇಷ್ಟು ಸಂಕಟ ಇದ್ರೂ ಬಿಟ್ಟಿಲ್ಲ, ನೋಡ್ರಿ ನಿಷ್ಠಿ."

ಅತ್ತೆ ಗಡಿಯಾರ ನೋಡಿದಳು, ತಟ್ಟೆ ನೋಡಿದಳು. "ವೈನಿ, ಅಕಿಗೆ ಇದು ಸಂಜಿ ಅಲ್ರಿ. ಮುಂಜಾನಿ."

ನಮಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಆಗಿನದನ್ನು ಆಗಲೇ ಕೂಡಿಡುವ ಮಿದುಳಿನ ಮೂಲೆಯೇ ಈ ರೋಗಕ್ಕೆ ಮೊದಲ ತುತ್ತು. ಕೈಗೆ ಕೂತ ರೂಢಿಯ ಗೂಡು ಬೇರೆ ಕಡೆ, ಅದು ಇನ್ನೂ ಭದ್ರ. ನಿದ್ದೆಯಿಂದ ಎದ್ದರೆ ಬೆಳಗು, ಬೆಳಗಾದರೆ ಪೂಜೆ, ಪೂಜೆಯಾದರೆ ಪ್ರಸಾದ. ದಿನಕ್ಕೆ ಎರಡು ಬೆಳಗು, ಎರಡು ಮಾತ್ರೆ.

ಅತ್ತೆ ಪಟ್ಟಿಯನ್ನು ಕಿತ್ತುಕೊಳ್ಳುತ್ತಾಳೆಂದುಕೊಂಡೆ. ಅವಳು ಅಡುಗೆಮನೆಗೆ ಹೋಗಿ ಬಂದು ಅವ್ವನ ಪಕ್ಕ ತಾನೂ ಕಣ್ಣು ಮುಚ್ಚಿ ಕೂತಳು. ನಡುವೆ ಎಲ್ಲೋ ಅವಳ ಕೈ ತಟ್ಟೆಯ ಕಡೆ ಹೋಗಿ ಬಂತು. ಪೂಜೆ ಮುಗಿಸಿ ಅಜ್ಜಿ ತಟ್ಟೆ ತಡವಿದಾಗ ಸಿಕ್ಕಿದ್ದು ಒಂದು ಹರಳು ಕಲ್ಲುಸಕ್ಕರೆ. ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಂಡಳು.

"ಇವತ್ತ ಸಿಹಿ ಐತಿ" ಎಂದಳು. "ನಿಮ್ಮ ಡಾಕ್ಟರ್ ಈಗ ಕಲಿತಾನ."

ಕಿಣ್ವಗಳ ಜೊತೆ ಬಾಳುವವಳಿಗೆ ತಾಯಿಯ ಪೂಜೆಯೂ ಇಷ್ಟು ಚೆನ್ನಾಗಿ ಗೊತ್ತಿರುವುದನ್ನು ನೋಡಿ ನಾನು ಬೆರಗಾಗಿ ಕೂತೆ.

ಮರುದಿನ ಡಾಕ್ಟರು ಎಲ್ಲ ಕೇಳಿ, ಇಸಿಜಿ ನೋಡಿ, ನಾಡಿ ಸುಧಾರಿಸುವವರೆಗೆ ಮಾತ್ರೆ ನಿಲ್ಲಿಸಿ, ಆಮೇಲೆ ಅದೇ ಸಣ್ಣ ಡೋಸಿನಿಂದ ಮತ್ತೆ ಶುರು ಮಾಡಿದರು. ಈಗ ಪಟ್ಟಿ ಬೀಗ ಹಾಕಿದ ಕಪಾಟಿನಲ್ಲಿದೆ. ಬೆಳಗಿನ ತಟ್ಟೆಗೆ ಅಪ್ಪ ಒಂದೇ ಮಾತ್ರೆ ಇಡುತ್ತಾನೆ. ಮಧ್ಯಾಹ್ನದ ಬೆಳಗಿಗೆ ಕಲ್ಲುಸಕ್ಕರೆ.

ಮೊನ್ನೆ ರಾಜಕುಮಾರಿ ಮತ್ತೆ ಮೆಟ್ಟಿಲಿಳಿದಳು. ಬಾವಿ ಹೆಸರು ಕೊಟ್ಟಿತು. "ಆದ್ರ ದಿನಾ ಮುಂಜಾನಿ ಬಂದು ಕೇಳಬೇಕು ಅಂತು," ಎಂದಳು ಅಜ್ಜಿ.

"ಮತ್ತೆಂದೂ ಬಿಟ್ಟು ಹೋಗಲಿಲ್ಲ ಅಂತಿದ್ದಿಯಲ್ಲ ಅಜ್ಜಿ?"

"ಆಗ ನೀ ಸಣ್ಣಾಕಿ ಇದ್ದಿ," ಎಂದು ಅವಳು ನನ್ನ ತಲೆ ಸವರಿದಳು.