ಚಿಗಳಿಯ ಕುಬಸ

ನಾನು ಪಗ್ ಜಾತಿಯ ಹೆಣ್ಣುನಾಯಿ. ಹೆಸರು ಚಿಗಳಿ. ಹುಬ್ಬಳ್ಳಿಯ ಒಂದು ಮನೆಯ ಮಹಡಿಯಲ್ಲಿ ಹುಟ್ಟಿದೆ. ನಮ್ಮವ್ವನ ಮೂಗು ಚಪ್ಪಟೆ, ಅಪ್ಪನದು ಇನ್ನೂ ಚಪ್ಪಟೆ. ನನ್ನ ಪಾಲಿಗೆ ಬಂದದ್ದು ಮೂಗಲ್ಲ, ಎರಡು ಸೀಳು. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ನಾನು ಊರಿಗೆಲ್ಲ ಮುದ್ದಾದೆ.

ಗುಳೇದಗುಡ್ಡದಲ್ಲಿ ಕುಪ್ಪಸದ ಖಣದ ಅಂಗಡಿ ಇಟ್ಟಿದ್ದ ಮುರಿಗೆಪ್ಪ ನನ್ನನ್ನು ಬಟ್ಟೆಯ ಚೀಲದಲ್ಲಿ ಮನೆಗೆ ಒಯ್ದ. ಹೆಂಡತಿ ಬಸಲಿಂಗವ್ವನಿಗೆ ಮಕ್ಕಳಿರಲಿಲ್ಲ. ನನ್ನನ್ನು ಉಡಿಯಲ್ಲಿ ಹಾಕಿಕೊಂಡವಳು ಮತ್ತೆ ಕೆಳಗಿಳಿಸಲಿಲ್ಲವೆಂದೇ ಹೇಳಬೇಕು. ನಾನು ಗೊರಕೆ ಹೊಡೆದರೆ ಗಂಡಹೆಂಡಿರು ಬಿದ್ದುಬಿದ್ದು ನಗುತ್ತಿದ್ದರು, ಅಂಗಡಿಗೆ ಬಂದವರನ್ನೂ ಕರೆದು ಕೇಳಿಸುತ್ತಿದ್ದರು. ನಾನು ಸುಖನಿದ್ದೆಯಲ್ಲಿದ್ದೇನೆಂದು ಅವರು ತಿಳಿದಿದ್ದರು. ನಾನು ಉಸಿರು ಹುಡುಕುತ್ತಿದ್ದೆ.

ಒಂದು ಬೇಸಿಗೆಯಲ್ಲಿ ನಾಲಗೆ ನೀಲಿಗಟ್ಟಿ ಅಂಗಳದಲ್ಲೇ ಬಿದ್ದೆ. ಪಶುವೈದ್ಯರು ಉಳಿಸಿದರು. ಇದು ವಂಶದಿಂದ ಬಂದ ತೊಂದರೆ, ಮರಿಗಳಿಗೂ ಇಳಿಯುತ್ತದೆ, ಇದಕ್ಕೆ ಮರಿ ಮಾಡಿಸಬೇಡಿ ಎಂದು ತಿಳಿಸಿ ಹೇಳಿದರು. ಬಸಲಿಂಗವ್ವ ತಲೆಯಾಡಿಸಿದಳು. ಮನೆಗೆ ಬಂದು ನನ್ನ ಗಲ್ಲ ಹಿಡಿದು ಮುಖವನ್ನೇ ನೋಡುತ್ತ ಕೂತು ಗಂಡನಿಗೆ ಅಂದಳು:

“ಇಕಿ ಹ್ವಾದ ಮ್ಯಾಲ ಈ ಮಾರಿ ನಾ ಎಲ್ಲಿ ನೋಡ್ಲಿ? ಒಂದರ ಮರಿ ಇರಲಿ.”

ಪ್ರೀತಿಗೆ ಕಿವಿ ಇರುವುದಿಲ್ಲ. ಬಾಗಲಕೋಟೆಯಿಂದ ನನ್ನಷ್ಟೇ ಚಪ್ಪಟೆ ಮೂಗಿನ ಗಂಡು ಬಂತು.

ನನ್ನ ಹೊಟ್ಟೆ ತುಂಬಿದಾಗ ಬಸಲಿಂಗವ್ವ ಬಸುರಿ ಹೆಣ್ಣುಮಕ್ಕಳಿಗೆ ಮಾಡುವಂತೆ ನನಗೆ ಕುಬಸ ಮಾಡಿದಳು. ಅಂಗಡಿಯ ಹಸಿರು ಖಣ ಬೆನ್ನಿಗೆ ಕಟ್ಟಿ, ಹಣೆಗೆ ಕುಂಕುಮವಿಟ್ಟು, ಓಣಿಯ ಹೆಂಗಸರಿಂದ ಆರತಿ ಎತ್ತಿಸಿದಳು. ನಾಯಿಗೆಂಥ ಕುಬಸ ಎಂದು ಬಾಯಿಗೆ ಸೆರಗು ಹಿಡಿದು ನಕ್ಕವರೇ ಹೋಳಿಗೆ ಉಂಡು ಹೋದರು. ಮಕ್ಕಳಿಲ್ಲದವಳೆಂದು ಯಾರ ಕುಬಸದಲ್ಲೂ ಮುಂದೆ ನಿಲ್ಲದಿದ್ದ ಅವಳು ಅಂದು ತಾನೇ ಹಾಡು ಎತ್ತಿಕೊಂಡಳು. ಅಷ್ಟು ಸಂತೋಷದಲ್ಲಿ ಅವಳನ್ನು ನಾನು ಹಿಂದೆಂದೂ ಕಂಡಿರಲಿಲ್ಲ.

ದಿನ ತುಂಬಿದಾಗ ವೈದ್ಯರು ಹೊಟ್ಟೆ ಕೊಯ್ದು ಮೂರು ಮರಿ ತೆಗೆದರು. ಎರಡು ಉಸಿರೇ ಎತ್ತಲಿಲ್ಲ. ಉಳಿದ ಹೆಣ್ಣುಮರಿಗೆ ಥೇಟು ನನ್ನ ಮುಖ. ಮೊಲೆಗೆ ಬಾಯಿ ಹಾಕಿದರೆ ಅದಕ್ಕೆ ಉಸಿರು ಕಟ್ಟುತ್ತಿತ್ತು. ಕುಡಿದ ಹಾಲು ಮೂಗಿನಿಂದ ಬರುತ್ತಿತ್ತು. ನಾನು ನೆಕ್ಕಿದೆ. ನಾನು ಬಲ್ಲ ಔಷಧ ಅದೊಂದೇ. ಬಸಲಿಂಗವ್ವ ಹತ್ತಿಯ ಬತ್ತಿ ಅದ್ದಿ ಹನಿಹನಿಯಾಗಿ ಹಾಲು ಹಾಕಿದಳು. ವಾರ ತುಂಬುವ ಮೊದಲೇ ಒಂದು ಮಧ್ಯಾಹ್ನ ಮರಿ ಅವಳ ಉಡಿಯಲ್ಲಿ ಸುಮ್ಮನಾಯಿತು.

ಮುರಿಗೆಪ್ಪ ಹಿತ್ತಲಲ್ಲಿ ಕುಣಿ ತೋಡಿದ. ಅವಳು ಮರಿಯನ್ನು ಅದೇ ಹಸಿರು ಖಣದಲ್ಲಿ ಸುತ್ತಿ ಕೊಟ್ಟು, ನನ್ನ ಮುಂದೆ ಬಂದು ಕೂತಳು.

“ನಾ ಬರೇ ಮಾರಿ ಬೇಡಿದ್ನಿ. ಉಸಿರು ಬೇಡ್ಲಿಲ್ಲ.”

ಹಾಗೆಂದು ಅತ್ತಳು. ನನಗೂ ಅಳು ಬರುವಂತಿದ್ದರೆ ಅಂದು ಅಳುತ್ತಿದ್ದೆ.

ಈಗ ನನಗೆ ವಯಸ್ಸಾಗಿದೆ. ತಂಪು ಹಾಸುಗಲ್ಲಿನ ಮೇಲೆ ಬಿದ್ದಿರುತ್ತೇನೆ. ಇಂಥದೊಂದು ಮರಿ ಬೇಕೆಂದು ಕೇಳಿ ಬಂದವರನ್ನು ಬಸಲಿಂಗವ್ವ ನನ್ನ ಪಕ್ಕ ಕೂರಿಸಿ, ಮೊದಲು ಈ ಗೊರಕೆ ಪೂರ್ತಿ ಕೇಳಿರಿ ಎನ್ನುತ್ತಾಳೆ. ಯಾರೂ ಬಹಳ ಹೊತ್ತು ಕೂರುವುದಿಲ್ಲ. ಅವರು ಹೋದ ಮೇಲೆ ನನ್ನ ಗಲ್ಲದ ಕೆಳಗೆ ಅಂಗೈ ಇಟ್ಟು ಕತ್ತು ಎತ್ತಿ ಹಿಡಿಯುತ್ತಾಳೆ. ಹಾಗೆ ಹಿಡಿದರೆ ಉಸಿರು ಸ್ವಲ್ಪ ಸಲೀಸು. ಕೈ ಸೋತರೂ ತೆಗೆಯುವುದಿಲ್ಲ. ಅವಳು ಹೆದರದಿರಲೆಂದು ಸದ್ದಿಲ್ಲದೆ ಉಸಿರಾಡಲು ನೋಡುತ್ತೇನೆ. ನನ್ನಿಂದ ಆಗುವುದಿಲ್ಲ.